ಎಣ್ಣೆಗಿಂತ ಮೊದಲು ನಿದಾನ: ಕೂದಲುದುರುವಿಕೆಗೆ ಆಯುರ್ವೇದದ ದಾರಿ

ನಮ್ಮ ಅಕ್ಕನ ಮಗಳು, ಹೆರಿಗೆಯಾದ ನಾಲ್ಕನೆಯ ತಿಂಗಳಿನಲ್ಲಿ, ಉದುರಿದ ತನ್ನ ಕೂದಲಿನ ಉಂಡೆಯೊಂದನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಮಡಿಸಿಕೊಂಡು, ನಮ್ಮ ಬೀದಿಯ ವೃದ್ಧ ಪಂಡಿತರ ಬಳಿಗೆ ನನ್ನೊಡನೆ ಬಂದಿದ್ದಳು. ಪೊಟ್ಟಣವನ್ನು ಬಿಚ್ಚುವಾಗ ಅವಳ ಕೈ ನಡುಗುತ್ತಿತ್ತು. ಪಂಡಿತರು ಆ ಉಂಡೆಯಿಂದ ಒಂದೇ ಒಂದು ಕೂದಲನ್ನು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಅದರ ಬುಡದಲ್ಲಿದ್ದ, ಗಸಗಸೆಗಿಂತಲೂ ಚಿಕ್ಕದಾದ ಬಿಳಿಯ ಬೊಟ್ಟನ್ನು ಅವಳಿಗೆ ತೋರಿಸಿ, "ಇದು ಬೇರಲ್ಲ ತಾಯಿ, ತೊಟ್ಟು. ಹಣ್ಣೆಲೆ ಕಳಚಿದಾಗ ತೊಟ್ಟೂ ಅದರೊಡನೆ ಬರುತ್ತದೆ, ಮರ ನಿಂತೇ ಇರುತ್ತದೆ" ಎಂದರು. ಅನಂತರ ಅವರು ಕೇಳಿದ ಪ್ರಶ್ನೆಗಳೆಲ್ಲ ತಲೆಯನ್ನು ಬಿಟ್ಟು ಬೇರೆಡೆಯವು: ಹಸಿವು ಹೇಗಿದೆ, ಮಲಶುದ್ಧಿ ಉಂಟೆ, ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು, ಮಗು ರಾತ್ರಿ ಎಷ್ಟು ಬಾರಿ ಎಬ್ಬಿಸುತ್ತದೆ, ಊಟದ ಎಲೆಯ ಮೇಲೆ ಉಪ್ಪಿನಕಾಯಿಗೆ ಎಷ್ಟು ಸ್ಥಾನ. ಯಾವ ಎಣ್ಣೆಯನ್ನು ಹಚ್ಚುತ್ತೀಯೆ ಎಂಬುದು ಎಲ್ಲಕ್ಕಿಂತ ಕೊನೆಯ ಪ್ರಶ್ನೆಯಾಗಿತ್ತು.

ಆಯುರ್ವೇದವು ಕೇಶಪತನವನ್ನು ನೋಡುವ ಕ್ರಮವು ಈ ಪ್ರಶ್ನೆಗಳ ಅನುಕ್ರಮದಲ್ಲಿಯೇ ಅಡಗಿದೆಯೆಂದು ನನಗೆ ಅಂದು ಮನವರಿಕೆಯಾಯಿತು. ನಾವಾದರೋ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡು, ಮೊದಲು ಅಂಗಡಿಗೆ ಹೋಗಿ ಎಣ್ಣೆಯ ಸೀಸೆಯನ್ನು ತಂದು, ಅದು ಫಲಿಸದಿದ್ದಾಗ ಮತ್ತೊಂದನ್ನು ತಂದು, ತಿಂಗಳುಗಳು ಕಳೆದ ಮೇಲೆ ಶಾಸ್ತ್ರವನ್ನೇ ದೂಷಿಸುತ್ತೇವೆ. ನಿದಾನ, ಅಂದರೆ ಕಾರಣದ ಶೋಧ, ಮೊದಲು, ಪಥ್ಯ ಅದರ ಹಿಂದೆ, ಎಣ್ಣೆ ಕೊನೆಗೆ ಎಂಬ ಹಳೆಯ ಅನುಕ್ರಮವನ್ನು ಓದುಗರ ಉಪಯೋಗಕ್ಕಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಸಹಜವೋ, ವ್ಯಾಧಿಯೋ?

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿದ್ದು, ಅವುಗಳಲ್ಲಿ ದಿನಕ್ಕೆ 50ರಿಂದ 100ರವರೆಗೆ ಉದುರುವುದು ದೇಹಧರ್ಮವೇ ಹೊರತು ರೋಗವಲ್ಲ. ಒಂದೊಂದು ಕೂದಲೂ 2ರಿಂದ 6 ವರ್ಷಗಳ ಕಾಲ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆದು, ಆಮೇಲೆ ಸುಮಾರು 3 ತಿಂಗಳು ವಿಶ್ರಮಿಸಿ, ತನ್ನ ಸ್ಥಾನವನ್ನು ಹೊಸದಕ್ಕೆ ಬಿಟ್ಟುಕೊಟ್ಟು ಕಳಚಿಕೊಳ್ಳುತ್ತದೆ. ತೀವ್ರ ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಮಿತಿಮೀರಿದ ಉಪವಾಸ, ಮನಸ್ಸಿಗೆ ತಗುಲಿದ ದೊಡ್ಡ ಆಘಾತ, ಇವುಗಳಲ್ಲಿ ಯಾವುದಾದರೂ ಸಂಭವಿಸಿದಾಗ, ಬೆಳೆಯುತ್ತಿದ್ದ ಎಷ್ಟೋ ಕೂದಲುಗಳು ಏಕಕಾಲದಲ್ಲಿ ವಿಶ್ರಾಂತಿಗೆ ಸರಿದು, 2-3 ತಿಂಗಳ ತರುವಾಯ ಒಟ್ಟಾಗಿ ಉದುರುತ್ತವೆ. ಕಾರಣವು ಹಿಂದೆ ಉಳಿದು ಕಾರ್ಯವು ಮುಂದೆ ಕಾಣಿಸಿಕೊಳ್ಳುವುದರಿಂದ ಜನರು ದಿಗ್ಭ್ರಾಂತರಾಗುತ್ತಾರೆ. ಅಕ್ಕನ ಮಗಳಿಗೆ ಆದದ್ದೂ ಇದೇ.

ಆದಕಾರಣ ಕನ್ನಡಿಯ ಮುಂದೆ ನಿಂತು ಮೊದಲು ಗಮನಿಸತಕ್ಕದ್ದು ಕೂದಲು ಎಷ್ಟು ಉದುರಿತು ಎಂಬುದನ್ನಲ್ಲ, ಯಾವ ರೀತಿಯಲ್ಲಿ ಉದುರುತ್ತಿದೆ ಎಂಬುದನ್ನು. ತಲೆಯ ಎಲ್ಲ ಕಡೆಯಿಂದಲೂ ಸಮನಾಗಿ ಉದುರುತ್ತಿದ್ದರೆ ಕಳೆದ 3-4 ತಿಂಗಳ ಆರೋಗ್ಯವನ್ನು ನೆನಪಿಗೆ ತಂದುಕೊಳ್ಳಬೇಕು. ಗಂಡಸರಲ್ಲಿ ಹಣೆಯ ಇಕ್ಕೆಲಗಳೂ ನೆತ್ತಿಯೂ ತೆರವಾಗುತ್ತ ಬಂದರೆ, ಹೆಂಗಸರಲ್ಲಿ ಬೈತಲೆಯು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋದರೆ, ಅದು ಬಹುಮಟ್ಟಿಗೆ ವಂಶಗತವಾದದ್ದು. ನಾಣ್ಯದಂತೆ ದುಂಡಾದ, ನುಣುಪಾದ ಬೋಳು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ ಅದು ಮೂರನೆಯ ಬಗೆಯದು.

ಶಾಸ್ತ್ರದ ದೃಷ್ಟಿ

ಈ ಭೇದಗಳನ್ನು ನಮ್ಮ ಪ್ರಾಚೀನರು ಕಾಣದೆ ಹೋಗಲಿಲ್ಲ. ಕ್ರಮಕ್ರಮವಾಗಿ ಕೂದಲು ತೆರವಾಗುವುದನ್ನು ಖಾಲಿತ್ಯ ಅಥವಾ ಖಲತಿಯೆಂದೂ, ಥಟ್ಟನೆ ಉದುರಿ ಬೋಳಾಗುವುದನ್ನು ಇಂದ್ರಲುಪ್ತವೆಂದೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಬೇರ್ಪಡಿಸಿದ್ದಾನೆ. ಅಕಾಲದಲ್ಲಿ ನರೆಯುವುದು ಪಾಲಿತ್ಯವೆನಿಸಿದರೆ, ನೆತ್ತಿಯ ಚರ್ಮವು ಒಣಗಿ, ತುರಿಸಿ, ಹೊಟ್ಟಾಗಿ ಉದುರುವುದು ದಾರುಣಕವೆನಿಸಿತು. ಇಂದ್ರಲುಪ್ತವು ಹೇಗೆ ಉಂಟಾಗುತ್ತದೆಂಬುದನ್ನು ಸುಶ್ರುತಸಂಹಿತೆಯು ಎರಡು ಹಂತಗಳಲ್ಲಿ ವಿವರಿಸುತ್ತದೆ: ವಾತದೊಡನೆ ಕೂಡಿದ ಪಿತ್ತವು ರೋಮಕೂಪವನ್ನು ಹೊಕ್ಕು ಅಲ್ಲಿರುವ ಕೂದಲನ್ನು ಕೆಡಹುತ್ತದೆ; ಅನಂತರ ರಕ್ತದೊಡನೆ ಕೂಡಿದ ಕಫವು ಆ ಕೂಪದ ಬಾಯನ್ನು ಮುಚ್ಚಿ, ಬೇರೊಂದು ಕೂದಲು ಹುಟ್ಟದಂತೆ ತಡೆಯುತ್ತದೆ. ಕೂದಲು ಬೀಳುವುದು ಒಂದು ವಿಷಯ, ಬಿದ್ದ ಸ್ಥಳದಲ್ಲಿ ಮತ್ತೆ ಹುಟ್ಟದಿರುವುದು ಇನ್ನೊಂದು ವಿಷಯ, ಎರಡಕ್ಕೂ ಕಾರಣಗಳು ಬೇರೆ ಎಂಬ ಈ ವಿವೇಚನೆಯು ಇಂದಿಗೂ ಚಿಕಿತ್ಸಕನಿಗೆ ದಾರಿದೀಪವಾಗಿದೆ.

ಇದಕ್ಕಿಂತಲೂ ಗಹನವಾದ ಮಾತು ಮತ್ತೊಂದುಂಟು. ಉಂಡ ಅನ್ನವು ರಸವಾಗಿ, ರಸವು ರಕ್ತವಾಗಿ, ಅಲ್ಲಿಂದ ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳೆಂಬ ಧಾತುಗಳಾಗಿ ಪರಿಣಮಿಸುತ್ತ ಹೋಗುವಾಗ, ಒಂದೊಂದು ಧಾತುವಿನಿಂದಲೂ ಒಂದೊಂದು ಮಲವು ಹೊರಡುತ್ತದೆಂದು ಚರಕಾಚಾರ್ಯರ ಮತ. ಅವುಗಳಲ್ಲಿ ಕೇಶವು ಅಸ್ಥಿಧಾತುವಿನ ಮಲ. ಇಲ್ಲಿ ಮಲವೆಂದರೆ ಹೊಲಸಲ್ಲ, ಪಾಕದಲ್ಲಿ ಸಾರವು ಒಂದೆಡೆ ಸೇರಿದ ಮೇಲೆ ಉಳಿಯುವ ಅಂಶ. ಐದನೆಯ ಧಾತುವಿನವರೆಗೆ ಪೋಷಣೆಯು ಸರಾಗವಾಗಿ ಹರಿದರಲ್ಲದೆ ಕೂದಲಿಗೆ ಅದರ ಪಾಲು ಸಲ್ಲದು. ಜಠರಾಗ್ನಿಯು ಮಂದವಾಗಿ, ರಕ್ತವು ಬಡವಾಗಿ ಇರುವಾಗ ನೆತ್ತಿಗೆ ಎಷ್ಟು ಎಣ್ಣೆಯನ್ನು ಸುರಿದರೂ, ಅದು ಕಾಲುವೆಯ ತಲೆಯಲ್ಲಿ ನೀರಿಲ್ಲದಿರುವಾಗ ಕೊನೆಯ ಗದ್ದೆಯ ಬದುವನ್ನು ತಿದ್ದಿದಂತೆಯೇ ಸರಿ. ಕಬ್ಬಿಣದ ಕೊರತೆಯುಳ್ಳವರಲ್ಲಿಯೂ ಥೈರಾಯ್ಡ್ ಗ್ರಂಥಿಯ ವಿಕಾರವುಳ್ಳವರಲ್ಲಿಯೂ ಕೂದಲು ಉದುರುವುದನ್ನು ಇಂದಿನ ವೈದ್ಯರು ನಿತ್ಯವೂ ಕಾಣುತ್ತಾರೆ. ಪರಿಭಾಷೆ ಬೇರೆಯಾದರೂ ನೆತ್ತಿಯ ಕೊರತೆಗೆ ಒಡಲಿನಲ್ಲಿ ಕಾರಣವನ್ನು ಹುಡುಕಬೇಕೆಂಬ ದೃಷ್ಟಿ ಒಂದೇ.

ಅಂತೆಯೇ, ತಂದೆಯಿಂದ ಬರುವ ಪಿತೃಜಭಾವಗಳಲ್ಲಿ ಕೇಶವನ್ನೂ ಚರಕಸಂಹಿತೆಯು ಎಣಿಸಿದೆ. ಬೋಳುತಲೆಯ ಆನುವಂಶಿಕತೆಯು ತಂದೆತಾಯಿಗಳಿಬ್ಬರ ಕಡೆಯಿಂದಲೂ ಬರುತ್ತದೆಂಬುದು ಈಗಿನ ತಿಳಿವಳಿಕೆ. ಆದರೂ ಕೇಶದ ಭಾಗ್ಯವು ಕೆಲಮಟ್ಟಿಗೆ ಜನ್ಮದೊಡನೆಯೇ ಬರುವಂಥದೆಂಬುದನ್ನು ಪೂರ್ವಿಕರು ಗುರುತಿಸಿದ್ದರು.

ಉಪ್ಪು ಮತ್ತು ಕ್ಷಾರ

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ, ಅತಿಯಾಗಿ ಸೇವಿಸಬಾರದ ಮೂರು ದ್ರವ್ಯಗಳನ್ನು ಹೆಸರಿಸಲಾಗಿದೆ: ಹಿಪ್ಪಲಿ, ಕ್ಷಾರ ಮತ್ತು ಉಪ್ಪು. ಇವುಗಳಲ್ಲಿ ಕೊನೆಯ ಎರಡರ ದೋಷವನ್ನು ಹೇಳುವಾಗ, ಉಪ್ಪನ್ನು ಮಿತಿಮೀರಿ ಉಣ್ಣುವವರಿಗೂ ಕ್ಷಾರವನ್ನು ಸದಾ ಬಳಸುವವರಿಗೂ ಖಾಲಿತ್ಯವೂ ಪಾಲಿತ್ಯವೂ ಪ್ರಾಪ್ತವಾಗುತ್ತವೆಂದು ಆಚಾರ್ಯರು ಜನಪದಗಳನ್ನೇ ನಿದರ್ಶನವಾಗಿ ಕೊಟ್ಟು ಎಚ್ಚರಿಸಿದ್ದಾರೆ. ಕ್ಷಾರವೆಂದರೆ ದೂರದ ವಸ್ತುವೆಂದು ಭಾವಿಸಬೇಕಾಗಿಲ್ಲ. ಹಪ್ಪಳದ ಹಿಟ್ಟಿಗೆ ಬೆರೆಸುವ ಖಾರವೂ ಬೋಂಡ ಬಜ್ಜಿಗಳಿಗೆ ಹಾಕುವ ಅಡುಗೆ ಸೋಡವೂ ಅದೇ ಜಾತಿಯವು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲವೂ ನಮ್ಮ ಊಟದ ಅಂಚಿನಲ್ಲಿ ಇರತಕ್ಕವು. ಅಂಚಿನಲ್ಲಿರುವವರೆಗೆ ಅವು ರುಚಿಗೆ ಭೂಷಣ. ಅನ್ನದ ಜೊತೆಗೆ ಅವೇ ಊಟವಾದಾಗ, ಪಿತ್ತವನ್ನು ಕೆರಳಿಸುವ ಅವುಗಳ ಗುಣವು ಪ್ರಕಟವಾಗುತ್ತದೆ.

ಪಥ್ಯವೆಂದರೆ ಬಿಡುವುದು ಮಾತ್ರವಲ್ಲ, ಸೇರಿಸಿಕೊಳ್ಳುವುದೂ ಹೌದು. ರಾಗಿ, ಹುರುಳಿ, ಹೆಸರುಬೇಳೆ, ಕರಿ ಎಳ್ಳು, ನುಗ್ಗೆಸೊಪ್ಪು, ಹಾಲು, ತುಪ್ಪ, ನೆಲ್ಲಿಕಾಯಿ ಇವು ಕರ್ನಾಟಕದ ಯಾವ ಮನೆಗೂ ಅಪರಿಚಿತವಲ್ಲ. ಮಾಂಸಾಹಾರಿಗಳಿಗೆ ಮೊಟ್ಟೆ ಮೀನುಗಳೂ ಉಂಟು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ದೇಹಕ್ಕೆ ಹತ್ತಬೇಕಾದರೆ ಊಟದೊಡನೆ ನಿಂಬೆಯನ್ನೋ ನೆಲ್ಲಿಕಾಯಿಯನ್ನೋ ಸೇರಿಸಿಕೊಳ್ಳುವುದು ಒಳ್ಳೆಯದು. ಊಟವಾದ ಕೂಡಲೇ ಕಾಫಿ ಚಹಾಗಳನ್ನು ಕುಡಿಯುವ ಅಭ್ಯಾಸವು ಅದಕ್ಕೆ ಅಡ್ಡಿಯಾಗುವುದರಿಂದ, ಒಂದು ಗಂಟೆಯ ಅಂತರವನ್ನಾದರೂ ಇಡಬೇಕು. ರಾತ್ರಿಯ ಜಾಗರಣೆಯನ್ನು ಕಡಮೆ ಮಾಡುವುದು ಇವೆಲ್ಲಕ್ಕೂ ಸಮನಾದ ಪಥ್ಯ.

ಚಿಕಿತ್ಸೆಯ ಅನುಕ್ರಮ

ಖಾಲಿತ್ಯದ ಚಿಕಿತ್ಸೆಯನ್ನು ಚರಕಸಂಹಿತೆಯು ಒಂದು ಕ್ರಮದಲ್ಲಿ ವಿಧಿಸಿದೆ: ಮೊದಲು ಶೋಧನದಿಂದ ದೇಹವನ್ನು ಶುದ್ಧಿಗೊಳಿಸಿ, ಅನಂತರ ನಸ್ಯ, ತೈಲ ಮತ್ತು ಲೇಪಗಳಿಂದ ಉಪಚರಿಸಬೇಕು. ವಿರೇಚನಾದಿ ಶೋಧನಗಳು ರೋಗಿಯ ಬಲ, ಪ್ರಕೃತಿ, ಋತು ಇವುಗಳನ್ನು ನೋಡಿ ವೈದ್ಯನು ಮಾಡಿಸತಕ್ಕವು. ಭೇದಿಯ ಔಷಧವನ್ನು ತಾವಾಗಿಯೇ ನುಂಗುವುದು ಶೋಧನವಲ್ಲ. ಗರ್ಭಿಣಿಯರೂ ಎಳೆಬಾಣಂತಿಯರೂ ವೃದ್ಧರೂ ದುರ್ಬಲರೂ ಇದರ ಗೊಡವೆಗೆ ಹೋಗಲಾಗದು.

ನಸ್ಯವೆಂದರೆ ಮೂಗಿನ ಮೂಲಕ ಔಷಧವನ್ನು ಪ್ರಯೋಗಿಸುವುದು. ಮೂಗು ಶಿರಸ್ಸಿಗೆ ಬಾಗಿಲೆಂದು ಆಯುರ್ವೇದದ ಸಿದ್ಧಾಂತವಾದ್ದರಿಂದ, ಕುತ್ತಿಗೆಯ ಮೇಲಣ ರೋಗಗಳಲ್ಲಿ ನಸ್ಯಕ್ಕೆ ಅಗ್ರಸ್ಥಾನ. ಅಣುತೈಲವೆಂಬ ಔಷಧೀಯ ಎಣ್ಣೆಯ ನಸ್ಯವನ್ನು ಕಾಲಕಾಲಕ್ಕೆ ಮಾಡಿಕೊಳ್ಳುವವನ ಕೂದಲು ಉದುರದು, ನರೆಯದು ಎಂಬ ಅಭಿಪ್ರಾಯವು ಚರಕಸಂಹಿತೆಯ ದಿನಚರ್ಯಾಪ್ರಕರಣದಲ್ಲಿದೆ. ಎರಡೆರಡು ಹನಿಗಳ ಅಲ್ಪಪ್ರಮಾಣದ ನಸ್ಯಕ್ಕೆ ಪ್ರತಿಮರ್ಶವೆಂದು ಹೆಸರು; ಇದನ್ನೂ ಮೊದಲ ಬಾರಿಗೆ ವೈದ್ಯರ ಎದುರಿನಲ್ಲಿ ಕಲಿಯುವುದೇ ಕ್ಷೇಮ. ನೆಗಡಿ ಜ್ವರಗಳಿರುವಾಗ, ಊಟವಾದ ಕೂಡಲೇ, ತಲೆಗೆ ಸ್ನಾನಮಾಡಿದ ಕೂಡಲೇ ನಸ್ಯವು ನಿಷಿದ್ಧ.

ತಲೆಗೆ ಎಣ್ಣೆಯನ್ನು ಪ್ರಯೋಗಿಸುವುದರಲ್ಲಿಯೂ ವಾಗ್ಭಟನು ನಾಲ್ಕು ವಿಧಗಳನ್ನು ಹೇಳಿದ್ದಾನೆ: ಹಚ್ಚಿ ತಿಕ್ಕುವ ಅಭ್ಯಂಗ, ಧಾರೆಯಾಗಿ ಸುರಿಯುವ ಸೇಕ, ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನೆತ್ತಿಯ ಮೇಲಿಡುವ ಪಿಚು, ತಲೆಯ ಸುತ್ತ ಕಟ್ಟೆಕಟ್ಟಿ ಎಣ್ಣೆಯನ್ನು ನಿಲ್ಲಿಸುವ ಶಿರೋಬಸ್ತಿ. ತುರಿಕೆ ರೂಕ್ಷತೆಗಳಿಗೆ ಅಭ್ಯಂಗವೆಂದೂ, ಕೂದಲುದುರುವುದಕ್ಕೆ ಪಿಚುವೆಂದೂ ಅವನು ವಿಭಾಗಿಸಿರುವುದು ಗಮನಾರ್ಹ. ಇನ್ನು ಇಂದ್ರಲುಪ್ತಕ್ಕೆ ಹೇಳಿರುವ ಲೇಪಗಳಲ್ಲಿ ಗುಲಗಂಜಿ, ಕಣಗಿಲೆ ಮುಂತಾದ ವಿಷದ್ರವ್ಯಗಳು ಸೇರಿವೆ. ಅವನ್ನು ಮನೆಯಲ್ಲಿ ಅರೆದು ಹಚ್ಚುವ ಸಾಹಸವನ್ನು ಯಾರೂ ಮಾಡಬಾರದು.

ಗರುಗದ ಎಣ್ಣೆಯನ್ನು ಕಾಸುವ ಬಗೆ

ಕೂದಲಿಗೆ ಹಿತವಾದ ಕೇಶ್ಯದ್ರವ್ಯಗಳಲ್ಲಿ ಭೃಂಗರಾಜಕ್ಕೆ ಪಟ್ಟದ ಸ್ಥಾನ. ಕೇಶರಾಜ, ಕೇಶರಂಜನ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಇದು ಗರುಗ, ಕಾಡಿಗ್ಗರಗ. ಗದ್ದೆಯ ಬದುಗಳಲ್ಲಿಯೂ ಕಾಲುವೆಯ ಅಂಚಿನಲ್ಲಿಯೂ ಹರಡಿ ಬೆಳೆಯುವ ಈ ಗಿಡದ ಎಲೆ ಮುಟ್ಟಿದರೆ ಒರಟು. ಹೂವು ಬಿಳಿಯದಾಗಿ, ಅಂಗಿಯ ಗುಂಡಿಯಂತೆ ಪುಟ್ಟದಾಗಿರುತ್ತದೆ. ಎಲೆಯನ್ನು ಕಿವುಚಿ ಅಂಗೈಯಲ್ಲಿ ಹಿಡಿದುಕೊಂಡರೆ ಹಸುರು ರಸವು ನೋಡನೋಡುತ್ತಿರುವಂತೆಯೇ ಕಪ್ಪಿಗೆ ತಿರುಗಿ, ಉಗುರಿನ ಸಂದಿಯಲ್ಲಿ ಕಾಡಿಗೆಯಂತೆ ಕೂರುತ್ತದೆ. ಗಿಡವನ್ನು ಗುರುತಿಸುವುದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಡ.

ತೈಲಪಾಕಕ್ಕೆ ಶಾಸ್ತ್ರವು ಹೇಳುವ ಸಾಮಾನ್ಯ ಪ್ರಮಾಣವೆಂದರೆ ಕಲ್ಕ 1 ಭಾಗ, ಎಣ್ಣೆ 4 ಭಾಗ, ದ್ರವ 16 ಭಾಗ. ಅದರಂತೆ 25 ಗ್ರಾಂ ಜ್ಯೇಷ್ಠಮಧುವನ್ನು ನೀರಿನಲ್ಲಿ ನುಣ್ಣಗೆ ಅರೆದು ಕಲ್ಕ ಮಾಡಿಕೊಂಡು, 100 ಮಿಲಿಲೀಟರ್ ಎಳ್ಳೆಣ್ಣೆಯನ್ನೂ, ತೊಳೆದು ಕುಟ್ಟಿ ಬಟ್ಟೆಯಲ್ಲಿ ಹಿಂಡಿದ ಗರುಗದ ರಸ 400 ಮಿಲಿಲೀಟರನ್ನೂ ಅದಕ್ಕೆ ಸೇರಿಸಿ, ಅಗಲವಾದ ದಪ್ಪತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ತಳಹಿಡಿಯದಂತೆ ಕೈಯಾಡಿಸುತ್ತಿರಬೇಕು. ಉಷ್ಣದೇಹದವರಿಗೆ ಎಳ್ಳೆಣ್ಣೆಯ ಬದಲು ಕೊಬ್ಬರಿ ಎಣ್ಣೆಯನ್ನು ಉಪಯೋಗಿಸುವುದು ಕರಾವಳಿಯಲ್ಲಿಯೂ ಕೇರಳದಲ್ಲಿಯೂ ರೂಢಿ. ನೀರಿನಂಶವು ಇಂಗುತ್ತ ಬಂದಂತೆ ಸದ್ದು ಅಡಗುತ್ತದೆ, ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ತಳದ ಕಲ್ಕವನ್ನು ಸೌಟಿನ ತುದಿಯಿಂದ ಸ್ವಲ್ಪವೇ ತೆಗೆದು, ಆರಿದ ಮೇಲೆ ಬೆರಳುಗಳ ನಡುವೆ ಹೊಸೆದರೆ ಅದು ಬತ್ತಿಯಂತೆ ಉರುಳಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಚಟ ಶಬ್ದ ಬರಬಾರದು. ಶಬ್ದ ಬಂದರೆ ನೀರು ಉಳಿದಿದೆಯೆಂದೂ, ಎಣ್ಣೆ ಬೇಗನೆ ಕೆಡುವುದೆಂದೂ ತಿಳಿಯಬೇಕು. ಪಾಕವಾದ ಎಣ್ಣೆಯನ್ನು ಶೋಧಿಸಿ, ಒಣಗಿದ ಗಾಜಿನ ಸೀಸೆಯಲ್ಲಿ ತುಂಬಿಡಬೇಕು.

ಹಚ್ಚುವ ಮೊದಲು ಮೊಣಕೈಯ ಒಳಬದಿಯಲ್ಲಿ ಒಂದು ಹನಿಯನ್ನು ಲೇಪಿಸಿ, ಒಂದು ದಿನ ಕಾದು, ಕೆಂಪಾಗಲಿ ತುರಿಕೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಾರಕ್ಕೆ ಎರಡು ದಿನ, ಉಗುರುಬೆಚ್ಚಗಿನ ಎಣ್ಣೆಯನ್ನು ಎರಡು ಚಮಚೆಯಷ್ಟು ತೆಗೆದುಕೊಂಡು, ಉಗುರು ತಾಗಿಸದೆ ಬೆರಳಿನ ಮೆತ್ತೆಗಳಿಂದ ಹತ್ತು ನಿಮಿಷ ನೆತ್ತಿಯನ್ನು ಮೆಲ್ಲನೆ ತೀಡಿ, ಅರ್ಧ ಗಂಟೆ ಬಿಟ್ಟು ಸ್ನಾನ ಮಾಡಿದರೆ ಸಾಕು. ಕೂದಲು ಉದುರುತ್ತದೆಂಬ ಭಯದಿಂದ ಬಲವಾಗಿ ತಿಕ್ಕುವುದರಿಂದ ಇನ್ನಷ್ಟು ಉದುರುತ್ತದೆ. ಹೊಟ್ಟು ವಿಪರೀತವಾಗಿದ್ದಾಗ ರಾತ್ರಿಯಿಡೀ ಎಣ್ಣೆಯನ್ನು ಇಟ್ಟುಕೊಳ್ಳಲಾಗದು. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ಸ್ನಾನದ ನೀರಿನ ವಿಷಯದಲ್ಲಿ ಅಷ್ಟಾಂಗಹೃದಯದ ಎಚ್ಚರಿಕೆ ಸ್ಪಷ್ಟ: ಬಿಸಿನೀರು ಕುತ್ತಿಗೆಯ ಕೆಳಗೆ ಬಲಕಾರಿ, ತಲೆಯ ಮೇಲೆ ಕೂದಲಿಗೂ ಕಣ್ಣಿಗೂ ಬಲಹಾರಿ. ಹಂಡೆಯ ಕುದಿನೀರನ್ನು ನೆತ್ತಿಗೆ ಹೊಯ್ದುಕೊಳ್ಳುವ ಅಭ್ಯಾಸವನ್ನು ಬಿಟ್ಟು, ಹದವಾದ ನೀರಿನಲ್ಲಿ ಸೀಗೆಪುಡಿಯನ್ನೋ ದಾಸವಾಳದ ಸೊಪ್ಪಿನ ಗೊಂಪನ್ನೋ ಬಳಸಿ ಜಿಡ್ಡನ್ನು ತೆಗೆಯಬಹುದು. ಒದ್ದೆಯ ಕೂದಲನ್ನು ಬಾಚುವುದು, ಹಣೆ ಸೆಳೆಯುವಂತೆ ಬಿಗಿಯಾಗಿ ಜಡೆ ಹೆಣೆಯುವುದು, ಇವೆರಡನ್ನೂ ಬಿಟ್ಟರೆ ಅರ್ಧ ಉಪಕಾರವಾದಂತೆ.

ಫಲದ ನಿರೀಕ್ಷೆ ಮತ್ತು ಅದರ ಮೇರೆ

ಯಾವ ಚಿಕಿತ್ಸೆಯಾದರೂ 3 ತಿಂಗಳಿಗೆ ಮೊದಲು ಫಲವನ್ನು ತೋರಲಾರದು, ಏಕೆಂದರೆ ವಿಶ್ರಮಿಸುತ್ತಿರುವ ಕೂದಲು ಬಿದ್ದು ಹೊಸದು ತಲೆಯೆತ್ತುವುದಕ್ಕೆ ಅಷ್ಟು ಕಾಲ ಬೇಕೇ ಬೇಕು. 6 ತಿಂಗಳ ತಾಳ್ಮೆಯಾದರೂ ಇರಬೇಕು. ಭೃಂಗರಾಜವು ಕೂದಲ ಬೆಳವಣಿಗೆಗೆ ಅನುಕೂಲವೆಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬೆಂಬಲವಿದೆ. ಮನುಷ್ಯರ ಮೇಲಿನ ವಿಸ್ತಾರವಾದ ಪರೀಕ್ಷೆಗಳ ಆಧಾರವು ಇನ್ನೂ ಅಲ್ಪವೆಂಬುದನ್ನು ಮರೆಮಾಚಬಾರದು. ವಂಶಗತವಾದ ಖಾಲಿತ್ಯದಲ್ಲಿ ಎಣ್ಣೆಯಿಂದ ಮಾತ್ರವೇ ಪೂರ್ವಸ್ಥಿತಿ ಬರುವುದೆಂದು ನಾನು ಯಾರಿಗೂ ಹೇಳಲಾರೆ. ಅಂಥವರು ಚರ್ಮವೈದ್ಯರನ್ನು ಕಂಡು, ಮಿನಾಕ್ಸಿಡಿಲ್ ಮೊದಲಾದ ಪರೀಕ್ಷಿತ ಔಷಧಗಳ ವಿಚಾರವನ್ನೂ ತಿಳಿದುಕೊಳ್ಳುವುದು ಉಚಿತ.

ಆಯುರ್ವೇದವೂ ಇಲ್ಲಿ ಸುಳ್ಳು ಭರವಸೆಯನ್ನು ಕೊಟ್ಟಿಲ್ಲ. ಮೂರು ದೋಷಗಳೂ ಕೆರಳಿ, ನೆತ್ತಿಯು ಉಗುರಿನಂತೆ ನುಣುಪಾಗಿ ಹೊಳೆಯುವ ಖಲತಿಯೂ, ಸುಟ್ಟ ಗಾಯದಂತೆ ರೋಮರಹಿತವಾಗಿ ಉರಿಯುವ ಖಲತಿಯೂ ಅಸಾಧ್ಯವೆಂದು ವಾಗ್ಭಟನು ನೇರವಾಗಿ ಹೇಳಿದ್ದಾನೆ. ರೋಮಕೂಪವೇ ಅಳಿದು ಕಲೆಯಾದ ಸ್ಥಳದಲ್ಲಿ ಕೂದಲು ಮರಳಿ ಬಾರದೆಂದು ಇಂದಿನ ಚರ್ಮವೈದ್ಯರೂ ಹೇಳುತ್ತಾರೆ. ಹೀಗಿರುವಾಗ, ಎಂಥ ಬೋಳುತಲೆಯಲ್ಲಾದರೂ ಹದಿನೈದು ದಿನಗಳಲ್ಲಿ ಕೂದಲು ಬೆಳೆಸುವೆವೆಂದು ಸಾರುವ ಜಾಹೀರಾತುಗಳು ಶಾಸ್ತ್ರದ ಹೆಸರಿನಲ್ಲಿ ಶಾಸ್ತ್ರಕ್ಕೇ ಅಪಚಾರ ಮಾಡುತ್ತವೆ.

ಮಕ್ಕಳ ತಲೆಯಲ್ಲಿ ಹೊಟ್ಟೆದ್ದು ಕೂದಲು ತುಂಡಾಗುತ್ತಿದ್ದರೆ ಅದು ಅಂಟುವ ಹುಳುಕಡ್ಡಿಯಾಗಿರಬಹುದು. ಇದ್ದಕ್ಕಿದ್ದಂತೆ ದುಂಡು ಬೋಳುಗಳು ಕಾಣಿಸಿಕೊಂಡರೆ, ನೆತ್ತಿಯಲ್ಲಿ ಕೀವು, ಉರಿ, ಕಲೆಗಳಿದ್ದರೆ, ಕೂದಲುದುರುವುದರ ಜೊತೆಗೆ ಆಯಾಸ, ಮುಟ್ಟಿನ ಏರುಪೇರು, ತೂಕದಲ್ಲಿ ಹಠಾತ್ತನೆ ವ್ಯತ್ಯಾಸ ಇವೆಲ್ಲ ತೋರಿದರೆ ಮನೆಮದ್ದಿಗೆ ಕಾಲಹರಣ ಮಾಡದೆ ವೈದ್ಯರನ್ನು ಕಾಣಬೇಕು. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಥೈರಾಯ್ಡ್ ಇವುಗಳ ರಕ್ತಪರೀಕ್ಷೆಯು ಅನೇಕ ವೇಳೆ ಕಾರಣವನ್ನು ತೋರಿಸಿಕೊಡುತ್ತದೆ. ಆಯುರ್ವೇದ ಚಿಕಿತ್ಸೆಯನ್ನೇ ಬಯಸುವವರು ನೋಂದಾಯಿತ ವೈದ್ಯರ ಬಳಿಗೇ ಹೋಗಬೇಕು. 1908ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಯುರ್ವೇದ ಆಸ್ಪತ್ರೆ ಮೊದಲಾದ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ.

ಅಕ್ಕನ ಮಗಳಿಗೆ ಪಂಡಿತರು ಅಂದು ಕೊಟ್ಟದ್ದು ಒಂದು ಚೀಟಿ ಮಾತ್ರ: ರಕ್ತಪರೀಕ್ಷೆ, ನುಗ್ಗೆಸೊಪ್ಪಿನ ಸಾರು, ರಾಗಿಯ ಗಂಜಿ, ಉಪ್ಪಿನಕಾಯಿಗೆ ವಿರಾಮ, ಮಗು ಮಲಗಿದಾಗಲೆಲ್ಲ ತಾಯಿಗೂ ನಿದ್ರೆ, ವಾರಕ್ಕೆರಡು ಬಾರಿ ಗರುಗದ ಎಣ್ಣೆ. ರಕ್ತದಲ್ಲಿ ಕಬ್ಬಿಣ ಕಡಮೆಯಿದ್ದುದು ಗೊತ್ತಾಗಿ ಅದಕ್ಕೆ ಔಷಧವೂ ನಡೆಯಿತು. ಮಗುವಿನ ಮೊದಲ ಹುಟ್ಟುಹಬ್ಬದ ದಿನ ಅವಳ ಹಣೆಯ ಅಂಚಿನುದ್ದಕ್ಕೂ, ಬಾಚಣಿಗೆಗೆ ಸಿಕ್ಕದಷ್ಟು ಗಿಡ್ಡನೆಯ ಹೊಸ ಕೂದಲು ನೆಟ್ಟಗೆ ನಿಂತಿತ್ತು. ಇದರಲ್ಲಿ ಎಣ್ಣೆಯ ಪಾಲೆಷ್ಟು, ಆಹಾರದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ತೂಗಿ ಹೇಳಲಾಗದು; ಕಾರಣವನ್ನು ಮೊದಲು ಅರಸಿದ್ದರಿಂದ ಏನೂ ವ್ಯರ್ಥವಾಗಲಿಲ್ಲವೆಂಬುದಂತೂ ನಿಜ. ಆದುದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಎಣ್ಣೆಯ ಸೀಸೆಯನ್ನು ಕೊಳ್ಳುವ ಮುನ್ನ, ಕಳೆದ ನಾಲ್ಕು ತಿಂಗಳ ನಿಮ್ಮ ಊಟ, ನಿದ್ರೆ, ಕಾಯಿಲೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ವೈದ್ಯರ ಮುಂದಿಡಿ; ಚಿಕಿತ್ಸೆಯು ಆ ಹಾಳೆಯಿಂದ ಆರಂಭವಾಗಲಿ.